ರಷ್ಯಾದ ತಾತ್ಕಾಲಿಕ ಸರ್ಕಾರದ ಪತನವೂ ಅದರ ಇತಿಹಾಸಕಾರರೂ

1917ನೆಯ ಇಸವಿ ಮಾರ್ಚಿ 2ರಂದು ಪೆಟ್ರೊಗ್ರಾಡ್ ನಗರದಲ್ಲಿ ಹುಟ್ಟಿ, ಅದೇ ವರ್ಷದ ಅಕ್ಟೋಬರ್ 25ರ ರಾತ್ರಿ ಅಳಿದುಹೋದ ರಷ್ಯಾದ ತಾತ್ಕಾಲಿಕ ಸರ್ಕಾರವು ಬದುಕಿದ್ದುದು ಎಂಟು ತಿಂಗಳಿಗೂ ಕಡಮೆ. ಅದನ್ನು ಕುರಿತು ಬೆಳೆದ ಗ್ರಂಥರಾಶಿಯಾದರೋ ಒಬ್ಬನ ಆಯುಷ್ಯದಲ್ಲಿ ಓದಿ ಮುಗಿಯತಕ್ಕದ್ದಲ್ಲ. ಪ್ರಕೃತ ಲೇಖನದ ಉದ್ದೇಶವು ಆ ತಿಂಗಳುಗಳ ಕಥೆಯನ್ನು ಮತ್ತೊಮ್ಮೆ ಹೇಳುವುದಲ್ಲ. ಪತನಕ್ಕೆ ಕಾರಣವೆಂದು ಗ್ರಂಥಕರ್ತರು ಮುಂದಿಟ್ಟಿರುವ ಮಾತುಗಳಲ್ಲಿ ಯಾವುದು ಪರೀಕ್ಷೆಗೆ ನಿಲ್ಲುತ್ತದೆ, ಯಾವುದು ನಿಲ್ಲದು ಎಂಬುದನ್ನು ನೋಡುವುದು ಮಾತ್ರ. ತಾರೀಖುಗಳನ್ನು ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದಂತೆಯೇ ಕೊಟ್ಟಿದೆ. ಅದು ಇತರ ಯೂರೋಪಿನ ಪಂಚಾಂಗಕ್ಕಿಂತ 13 ದಿನ ಹಿಂದಿನದು.

ಈ ವಿಷಯದಲ್ಲಿ ವಿಮರ್ಶಕನಿಗೆ ಮೊದಲು ಎದುರಾಗುವ ತೊಡಕು ಒಂದುಂಟು. ಆ ನಾಟಕದ ಪಾತ್ರಧಾರಿಗಳೇ ಅದರ ವ್ಯಾಖ್ಯಾನಕಾರರೂ ಆದರು. ಮೊದಲ ಮಂತ್ರಿಮಂಡಲದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಮಿಲ್ಯುಕೋವ್ ಸ್ವತಃ ಇತಿಹಾಸದ ಪ್ರಾಧ್ಯಾಪಕ. ದೇಶಭ್ರಷ್ಟನಾದ ಮೇಲೆ ಆತನು ತನ್ನ ಕಾಲದ ಕ್ರಾಂತಿಗೇ ಇತಿಹಾಸ ಬರೆದನು. ಕಡೆಯ ಪ್ರಧಾನಮಂತ್ರಿ ಕೆರೆನ್‌ಸ್ಕಿಯು 1970ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಳ್ಳುವವರೆಗೆ ಅದೇ ಎಂಟು ತಿಂಗಳನ್ನು ಮತ್ತೆ ಮತ್ತೆ ಬರೆಯುತ್ತಲೇ ಇದ್ದನು. ಸರ್ಕಾರವನ್ನು ಉರುಳಿಸಿದವರಲ್ಲಿ ಅಗ್ರಗಣ್ಯನಾದ ಟ್ರಾಟ್‌ಸ್ಕಿಯು, ತಾನೂ ದೇಶದಿಂದ ಹೊರದೂಡಲ್ಪಟ್ಟು ಇಸ್ತಾಂಬುಲಿನ ಬಳಿಯ ಪ್ರಿಂಕಿಪೊ ದ್ವೀಪದಲ್ಲಿದ್ದಾಗ, ದೊಡ್ಡದೊಂದು ಚರಿತ್ರೆಯನ್ನು ರಚಿಸಿದನು. ಯಾವ ಪಕ್ಷಕ್ಕೂ ಪೂರ್ತಿಯಾಗಿ ಒಗ್ಗದ ಸುಖಾನೋವ್ ಏಳು ಸಂಪುಟಗಳ ಟಿಪ್ಪಣಿಗಳನ್ನು ಬರೆದನು. ಸರ್ಕಾರದ ಕಾರ್ಯಾಲಯದ ಮುಖ್ಯಾಧಿಕಾರಿಯಾಗಿ ಮೊದಲ ತಿಂಗಳುಗಳಲ್ಲಿ ಮಂತ್ರಾಲೋಚನೆಗಳನ್ನು ಕಣ್ಣಾರೆ ಕಂಡ ನಬೋಕೋವನದು ಗಾತ್ರದಲ್ಲಿ ಚಿಕ್ಕ ಪುಸ್ತಕ. (ಈತನು ಇಂಗ್ಲಿಷಿನಲ್ಲಿಯೂ ರಷ್ಯನ್ ಭಾಷೆಯಲ್ಲಿಯೂ ಹೆಸರಾದ ಕಾದಂಬರಿಕಾರನ ತಂದೆ.) ಇವರೆಲ್ಲರೂ ಬಲ್ಲವರು, ಎಲ್ಲರೂ ಬರೆಯಬಲ್ಲವರು, ಎಲ್ಲರೂ ವಾದಿಗಳು ಅಥವಾ ಪ್ರತಿವಾದಿಗಳು. ಇವರ ಗ್ರಂಥಗಳನ್ನು ಓದುವಾಗ ನ್ಯಾಯಸ್ಥಾನದಲ್ಲಿ ಕುಳಿತವನ ಎಚ್ಚರ ಬೇಕು. ಬರಹ ಸೊಗಸಾಗಿದ್ದಲ್ಲಿ ಆ ಎಚ್ಚರ ಇಮ್ಮಡಿಯಾಗಬೇಕು.

ಮಿಲ್ಯುಕೋವನ ವಾದದ ಸಾರವಿಷ್ಟು: ಸರ್ಕಾರವು ಆಳಬೇಕಾದಲ್ಲಿ ಆಳಲಿಲ್ಲ, ಸಮಾಜವಾದಿಗಳಿಗೆ ಅಂಜಿ ಅಂಜಿ ಒಂದೊಂದಾಗಿ ಎಲ್ಲವನ್ನೂ ಬಿಟ್ಟುಕೊಟ್ಟಿತು, ಅದರ ಇಚ್ಛಾಶಕ್ತಿಯೇ ಕುಂದಿತ್ತು. ಕೆರೆನ್‌ಸ್ಕಿಯ ಮೇಲೆ ಆತನಿಗಿರುವ ತಾತ್ಸಾರವು ಪುಟಪುಟದಲ್ಲಿಯೂ ಕಾಣುತ್ತದೆ. ಆದರೆ ಇಚ್ಛಾಶಕ್ತಿಯ ವಿಷಯವಾಗಿ ಮಾತನಾಡುವ ಈ ಮಹಾಶಯನೇ ಏಪ್ರಿಲ್ 18ರಂದು ಮಿತ್ರರಾಷ್ಟ್ರಗಳಿಗೆ ಕಳುಹಿಸಿದ ಪತ್ರದಲ್ಲಿ ಯುದ್ಧವನ್ನು ಜಯದ ವರೆಗೆ ನಡಸುವ ಭರವಸೆಯನ್ನು ಕೊಟ್ಟು, ಎರಡೇ ದಿನದಲ್ಲಿ ಶಸ್ತ್ರಧಾರಿಗಳಾದ ಸೈನಿಕರನ್ನು ರಾಜಧಾನಿಯ ಬೀದಿಗೆ ಬರಿಸಿದನು. ಅದರ ಫಲವಾಗಿ ಆತನೂ ಯುದ್ಧಮಂತ್ರಿ ಗುಚ್ಕೋವನೂ ಅಧಿಕಾರ ಬಿಡಬೇಕಾಯಿತು. ಇಚ್ಛೆಯೇನೋ ಆತನಲ್ಲಿ ಬೇಕಾದಷ್ಟಿತ್ತು. ಅದನ್ನು ನಡಸಿಕೊಡತಕ್ಕ ಕೈ ಯಾವುದೆಂಬ ಪ್ರಶ್ನೆಯನ್ನು ಆತನ ಗ್ರಂಥವು ಸರಿಯಾಗಿ ಎತ್ತುವುದೇ ಇಲ್ಲ.

ಟ್ರಾಟ್‌ಸ್ಕಿಯ ಚರಿತ್ರೆಯು ಇವೆಲ್ಲದರಲ್ಲಿಯೂ ಹೆಚ್ಚು ಓದಿಸಿಕೊಳ್ಳುವ ಗ್ರಂಥವೆಂಬುದು ನಿರ್ವಿವಾದ. ತನ್ನನ್ನೇ ತಾನು ಪ್ರಥಮಪುರುಷದಲ್ಲಿ ಹೆಸರಿಸುತ್ತ, ಯಾವನೋ ಬೇರೊಬ್ಬನ ಕಾರ್ಯವನ್ನು ವರ್ಣಿಸುವವನಂತೆ ಬರೆಯುವ ಅವನ ಉಪಾಯವು ಎಂಥ ವಾಚಕನನ್ನೂ ನಂಬಿಸುತ್ತದೆ. ಸರ್ಕಾರವೊಂದು ಕಡೆ, ಕಾರ್ಮಿಕ ಸೈನಿಕರ ಪ್ರತಿನಿಧಿಗಳ ಸೋವಿಯೆಟ್ ಇನ್ನೊಂದು ಕಡೆ. ಇಂಥ ಇಬ್ಬಗೆಯ ಅಧಿಕಾರವು ನಿಲ್ಲತಕ್ಕದ್ದಲ್ಲ, ವರ್ಗಗಳ ಕಾದಾಟದಲ್ಲಿ ಒಂದು ಇನ್ನೊಂದನ್ನು ನುಂಗಲೇಬೇಕು ಎಂಬುದು ಅವನ ಸಿದ್ಧಾಂತ. ವರ್ಣನೆಯ ಮಟ್ಟಿಗೆ ಇದು ಸತ್ಯ. ಕಾರಣದ ಮಟ್ಟಿಗೆ ಇದರಲ್ಲೊಂದು ಬಿರುಕಿದೆ, ಮತ್ತು ಆ ಬಿರುಕನ್ನು ತೋರಿಸಿಕೊಡುವವನೂ ಅವನೇ. ಏಪ್ರಿಲ್ 3ರಂದು ಲೆನಿನ್ ರಷ್ಯಾಕ್ಕೆ ಹಿಂದಿರುಗದಿದ್ದರೆ ಬಾಲ್ಷೆವಿಕ್ ಪಕ್ಷವು ಸಮಯವನ್ನು ಕಳೆದುಕೊಳ್ಳುವ ಸಂಭವ ಬಹಳವಾಗಿತ್ತೆಂದು ಅವನು ಒಪ್ಪುತ್ತಾನೆ. ಒಬ್ಬನ ಬರವನ್ನು ಅವಲಂಬಿಸಿದ್ದು ಅನಿವಾರ್ಯವೆಂದು ಹೇಗೆ ಅನ್ನಿಸಿಕೊಂಡೀತು? ಸೋವಿಯೆಟ್ಟಿನಲ್ಲಿ ಬಹುಮತವು ಸೆಪ್ಟೆಂಬರಿನ ವರೆಗೂ ಸರ್ಕಾರವನ್ನು ಉರುಳಿಸಲೊಲ್ಲದ ಮೆನ್ಷೆವಿಕರದೂ ಸಮಾಜವಾದಿ ಕ್ರಾಂತಿಕಾರಿಗಳದೂ ಆಗಿತ್ತು. ಮೇ 5ರಿಂದ ಅವರ ಮುಖಂಡರು ಮಂತ್ರಿಗಳಾಗಿ ಸರ್ಕಾರದೊಳಗೇ ಇದ್ದರು. ಇಬ್ಬಗೆಯು ಹೀಗೆ ಒಂದಾಗಿ ಬೆಸೆದುಕೊಂಡ ಮೇಲೆಯೂ ಕಟ್ಟಡ ಬಿತ್ತೆಂಬುದೇ ಇಲ್ಲಿ ವಿಚಾರಮಾಡತಕ್ಕ ಅಂಶ.

ಸುಖಾನೋವನ ಟಿಪ್ಪಣಿಗಳಿಗೆ ಇಲ್ಲಿ ಹೆಚ್ಚು ಸ್ಥಳ ಕೊಡಲಾಗುವುದಿಲ್ಲ. ಅವನು ಎಲ್ಲ ಕಡೆಯೂ ಇದ್ದನು, ಎಲ್ಲವನ್ನೂ ಕಂಡನು. ಆದರೆ ಅಕ್ಟೋಬರ್ 10ರಂದು ದಂಗೆಯೆದ್ದೇ ತೀರಬೇಕೆಂದು ಬಾಲ್ಷೆವಿಕ್ ಮುಖಂಡರು ನಿಶ್ಚಯಿಸಿದ ಗುಪ್ತಸಭೆಯು ನಡೆದುದು, ಅವನಿಗೆ ತಿಳಿಯದಂತೆ, ಅವನ ಸ್ವಂತ ಮನೆಯಲ್ಲಿ! ಆತನ ಪತ್ನಿ ಆ ಪಕ್ಷಕ್ಕೆ ಸೇರಿದವಳು. ಪ್ರತ್ಯಕ್ಷಸಾಕ್ಷಿಯ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಇನ್ನು ಕೆರೆನ್‌ಸ್ಕಿ. ಬಲಗಡೆಯಿಂದ ಸೇನಾಪತಿ ಕಾರ್ನಿಲೋವನ ದ್ರೋಹ, ಎಡಗಡೆಯಿಂದ ಜರ್ಮನಿಯ ಹಣದಲ್ಲಿ ಬೆಳೆದ ಲೆನಿನನ ದ್ರೋಹ, ಇವೆರಡರ ನಡುವೆ ರಷ್ಯಾದ ಪ್ರಜಾಸ್ವಾತಂತ್ರ್ಯವು ಹೊಸಕಿಹೋಯಿತೆಂದು ಅವನು ಕಡೆಯವರೆಗೂ ವಾದಿಸಿದನು. ಜರ್ಮನಿಯ ಹಣದ ಮಾತು ಕಟ್ಟುಕಥೆಯಲ್ಲ. ಎರಡನೆಯ ಮಹಾಯುದ್ಧದ ತರುವಾಯ ಬೆಳಕಿಗೆ ಬಂದ ಜರ್ಮನ್ ವಿದೇಶಾಂಗ ಇಲಾಖೆಯ ದಫ್ತರಗಳಿಂದ ಅದು ಸ್ಥಿರಪಟ್ಟಿದೆ. ಆದರೆ ಹಣವು ಪತ್ರಿಕೆಗಳನ್ನು ಅಚ್ಚುಹಾಕಿಸಬಲ್ಲುದು. ಆ ಪತ್ರಿಕೆಯಲ್ಲಿ ತನ್ನ ಮನಸ್ಸಿನ ಮಾತೇ ಇದೆಯೆಂದು ಕಂದಕದಲ್ಲಿ ಕುಳಿತ ರೈತನಿಗೆ ಅನ್ನಿಸುವಂತೆ ಮಾಡಬಲ್ಲುದೇ?

ಕಾರ್ನಿಲೋವನ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅವಶ್ಯ. ಸಾಹಿತ್ಯದ ಉಪಾಧ್ಯಾಯರಿಗೆ ಇದು ವಿಶೇಷವಾಗಿ ರುಚಿಸಬಹುದು. ಏಕೆಂದರೆ ಇಲ್ಲಿ ರಾಜ್ಯವೊಂದರ ಗತಿಯು ಒಂದು ಪಾಠದ ಅರ್ಥನಿರ್ಣಯದ ಮೇಲೆ ನಿಂತಿತ್ತು. ಆಗಸ್ಟ್ 26ರ ಸಂಜೆ ಪ್ರಧಾನಮಂತ್ರಿಯು ಪೆಟ್ರೊಗ್ರಾಡಿನಲ್ಲಿಯೂ ಸೇನಾಪತಿಯು ಮೊಗಿಲೆವ್‌ನ ದಂಡಿನ ಮುಖ್ಯಠಾಣೆಯಲ್ಲಿಯೂ ತಂತಿಯ ಮೂಲಕ ಸಂಭಾಷಿಸಿದರು. ವ್ಲಾಡಿಮಿರ್ ಲ್ವೋವ್ ಎಂಬಾತನು (ಈತನು ಮೊದಲ ಪ್ರಧಾನಮಂತ್ರಿ ರಾಜಕುಮಾರ ಲ್ವೋವ್ ಅಲ್ಲ, ಬೇರೆ) ಇಬ್ಬರ ನಡುವೆ ಓಡಾಡಿ, ಸೇನಾಪತಿಯು ಸರ್ವಾಧಿಕಾರವನ್ನು ತನಗೆ ಒಪ್ಪಿಸಬೇಕೆಂದು ಕೇಳುತ್ತಾನೆಂಬ ಸಂದೇಶವನ್ನು ತಂದಿದ್ದನು. ತಂತಿಯ ಬಳಿಗೆ ಅವನು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೆರೆನ್‌ಸ್ಕಿಯು ತಾನೇ ಅವನ ಹೆಸರಿನಿಂದಲೂ ಮಾತನಾಡಿದನು! ಆ ಸಂಭಾಷಣೆಯ ಕಾಗದದ ಪಟ್ಟಿ ಉಳಿದಿದೆ. ಅದನ್ನು ಓದಿದವನಿಗೆ ಆಶ್ಚರ್ಯವಾಗುವುದು ಇದು: ವ್ಲಾಡಿಮಿರ್ ತಿಳಿಸಿದ ಮಾತಿನಂತೆ ನಡೆಯಬೇಕೇ ಎಂದು ಒಬ್ಬನು ಕೇಳುತ್ತಾನೆ, ಹೌದೆಂದು ಇನ್ನೊಬ್ಬನು ಸ್ಥಿರಪಡಿಸುತ್ತಾನೆ, ಆ ಮಾತು ಯಾವುದೆಂಬುದನ್ನು ಇವನು ಹೇಳುವುದಿಲ್ಲ, ಅವನು ಕೇಳುವುದಿಲ್ಲ. ವಾಚ್ಯವೇ ಇಲ್ಲದಲ್ಲಿ ಇಬ್ಬರೂ ತಮಗೆ ಬೇಕಾದ ವ್ಯಂಗ್ಯವನ್ನು ಗ್ರಹಿಸಿ ಎದ್ದುಹೋದರು. ಪ್ರಧಾನಮಂತ್ರಿಗೆ ರಾಜದ್ರೋಹಕ್ಕೆ ರುಜುವಾತು ಸಿಕ್ಕಿತು. ಸೇನಾಪತಿಗೆ ಪ್ರಧಾನಮಂತ್ರಿಯ ಅನುಮತಿ ಸಿಕ್ಕಿತು. ನಾಲ್ಕೈದು ದಿನಗಳಲ್ಲಿ ಕಾರ್ನಿಲೋವನ ದಂಡು ರೈಲುದಾರಿಯಲ್ಲಿಯೇ ಕರಗಿಹೋಯಿತು. ರಾಜಧಾನಿಯ ರಕ್ಷಣೆಗೆಂದು ಆಯುಧ ಹಿಡಿದ ಕಾರ್ಮಿಕರು ಅವನ್ನು ಹಿಂದಕ್ಕೆ ಕೊಡಲಿಲ್ಲ.

ಇದನ್ನು ದ್ರೋಹವೆಂದು ಕೆರೆನ್‌ಸ್ಕಿ, ಬಲೆಯೆಂದು ಕಾರ್ನಿಲೋವನ ಪಕ್ಷದವರು ಇಂದಿಗೂ ತೀರದ ವ್ಯಾಜ್ಯ ಹೂಡಿದ್ದಾರೆ. ನಮಗೆ ಮುಖ್ಯವಾದುದು ಬೇರೆ. ಸೇನಾಪತಿಗೂ ಪ್ರಧಾನಮಂತ್ರಿಗೂ ನಡೆದಿದ್ದ ಮಾತುಕತೆಯೆಲ್ಲ ಯಾವುದನ್ನು ಕುರಿತದ್ದು? ದಂಡಿನಲ್ಲಿ ಶಿಸ್ತನ್ನು ಮರಳಿ ತರುವುದನ್ನು ಕುರಿತದ್ದು. ಯುದ್ಧರಂಗದಲ್ಲಿ ಜುಲೈ 12ರಂದು ಮತ್ತೆ ಜಾರಿಗೆ ತಂದಿದ್ದ ಮರಣದಂಡನೆಯನ್ನು ಹಿಂದಿನ ಊರುಗಳಿಗೂ ವಿಸ್ತರಿಸಬೇಕೆಂದು ಕಾರ್ನಿಲೋವ್ ಹಟಹಿಡಿದಿದ್ದನು. ಯುದ್ಧವನ್ನು ನಡಸುವುದೆಂದಿದ್ದರೆ ಅವನ ಬೇಡಿಕೆಯು ತರ್ಕಶುದ್ಧವೇ. ಆ ಬೇಡಿಕೆಯನ್ನು ಸಲ್ಲಿಸುವ ಶಕ್ತಿ ಸರ್ಕಾರಕ್ಕಿರಲಿಲ್ಲವೆಂಬುದೂ ಅಷ್ಟೇ ಸ್ಪಷ್ಟ. ಈ ಸರ್ಕಾರದ ಬಾಳಿನಲ್ಲಿ ಬಂದ ಒಂದೊಂದು ಗಂಡಾಂತರವನ್ನೂ ಹಿಂದುಹಿಂದಕ್ಕೆ ಹಿಡಿದುಕೊಂಡು ಹೋದರೆ ತಲಪುವುದು ಇದೇ ಬಾಗಿಲಿಗೆ. ಏಪ್ರಿಲಿನಲ್ಲಿ ಬೀದಿಗೆ ಜನ ಬಂದುದು ಯುದ್ಧದ ಪತ್ರದಿಂದ. ಜುಲೈ 3ರಂದು ದೊಂಬಿಗೆ ಮುಂದಾದುದು, ತನ್ನವರನ್ನು ಯುದ್ಧರಂಗಕ್ಕೆ ಕಳುಹಿಸುವ ಆಜ್ಞೆಯಿಂದ ಕೆರಳಿದ ಮೊದಲನೆಯ ಮೆಷಿನ್‌ಗನ್ ರೆಜಿಮೆಂಟು. ಆಗಸ್ಟಿನಲ್ಲಿ ಮರಣದಂಡನೆ. ಅಕ್ಟೋಬರಿನಲ್ಲಿ ರಾಜಧಾನಿಯ ಪಾಳೆಯದ ದಂಡುಗಳನ್ನು ಮತ್ತೆ ಯುದ್ಧರಂಗಕ್ಕೆ ಸಾಗಿಸುವ ಯೋಚನೆಯು ಹುಟ್ಟಿ, ಅದನ್ನು ತಡೆಯುವ ನೆಪದಿಂದಲೇ ಸೋವಿಯೆಟ್ಟಿನ ಸೈನಿಕ ಕ್ರಾಂತಿಸಮಿತಿಯು ತಲೆಯೆತ್ತಿತು. ಸರ್ಕಾರವನ್ನು ಉರುಳಿಸಿದ ಯಂತ್ರ ಅದೇ. ಇಷ್ಟಾದರೂ ಮೇಲ್ಕಂಡ ಗ್ರಂಥಕರ್ತರಲ್ಲಿ ಬಹುಮಂದಿಗೆ ಯುದ್ಧವು ಹಿನ್ನೆಲೆಯ ಪರದೆಯಾಗಿಯೇ ಉಳಿದಿದೆ.

ಯುದ್ಧ ಒಂದೇ ಕಾರಣವೆಂದೂ ಹೇಳತಕ್ಕದ್ದಲ್ಲ. ಅದೇ ಯುದ್ಧವನ್ನು ಇತರ ಸರ್ಕಾರಗಳು ಹೊತ್ತು ನಿಂತವು. ಫ್ರಾನ್ಸಿನಲ್ಲಿ ಅದೇ ವರ್ಷ ದಂಡು ದಂಗೆಯೆದ್ದರೂ ರಾಜ್ಯ ಬೀಳಲಿಲ್ಲ. ರಷ್ಯಾದ ಈ ಸರ್ಕಾರಕ್ಕೆ ಮಾತ್ರ ಆ ಭಾರ ಏಕೆ ತಡೆಯಲಿಲ್ಲವೆಂಬುದನ್ನು ತಿಳಿಯಲು ಅದರ ಹುಟ್ಟಿನ ಕಡೆಗೆ ತಿರುಗಬೇಕು. ಇಲ್ಲಿ ನಮಗೆ ಅತ್ಯಂತ ಉಪಕಾರಿಯಾದ ಸಾಕ್ಷಿ ನಬೋಕೋವ್.

ಚಕ್ರವರ್ತಿ ನಿಕೋಲಸನು ಮಾರ್ಚಿ 2ರಂದು ಪ್ಸ್ಕೋವ್ ಊರಿನಲ್ಲಿ ತಮ್ಮ ಮಿಖಾಯಿಲನ ಪರವಾಗಿ ಪದತ್ಯಾಗ ಮಾಡಿದನು. ಮರುದಿನ ಮಿಖಾಯಿಲನು, ರಾಜ್ಯಾಂಗ ರಚನಾ ಸಭೆಯು ಕೂಡಿ ಜನರ ಇಷ್ಟವನ್ನು ತಿಳಿಸುವವರೆಗೆ ತಾನು ಪಟ್ಟವನ್ನು ಸ್ವೀಕರಿಸಲೊಲ್ಲೆನೆಂದೂ, ಅಲ್ಲಿಯವರೆಗೆ ಪೂರ್ಣಾಧಿಕಾರವುಳ್ಳ ತಾತ್ಕಾಲಿಕ ಸರ್ಕಾರಕ್ಕೆ ಎಲ್ಲರೂ ವಿಧೇಯರಾಗಿರಬೇಕೆಂದೂ ಬರೆದು ಸಹಿಹಾಕಿದನು. ಆ ಪತ್ರದ ಒಕ್ಕಣೆಯನ್ನು ಸಿದ್ಧಪಡಿಸಿದವರು ನಬೋಕೋವ್ ಮತ್ತು ನೋಲ್ಡೆ ಎಂಬ ಇಬ್ಬರು ನ್ಯಾಯಶಾಸ್ತ್ರಜ್ಞರು. ಶಾಸ್ತ್ರದೃಷ್ಟಿಯಿಂದ ಸರ್ಕಾರದ ಪೂರ್ಣಾಧಿಕಾರಕ್ಕೆ ಇದ್ದ ಆಧಾರವೆಂದರೆ ಈ ಒಂದು ಹಾಳೆ. ಪಟ್ಟವನ್ನೇರದವನು, ತನ್ನಲ್ಲಿಲ್ಲದ ಅಧಿಕಾರವನ್ನು, ಯಾರೂ ಚುನಾಯಿಸದವರಿಗೆ ದಾನಮಾಡಿದನು. ಹಳೆಯ ಡೂಮಾ ಸಭೆಯನ್ನಾದರೂ ಆಧಾರವಾಗಿ ಹಿಡಿಯಬಹುದಾಗಿತ್ತು. ಆದರೆ ಅದು 1907ರ ಸಂಕುಚಿತ ಮತದಾನದ ಕಾನೂನಿನಿಂದ ಹುಟ್ಟಿದ್ದಾದ್ದರಿಂದ ಮಂತ್ರಿಗಳೇ ಅದನ್ನು ಬದಿಗೆ ಸರಿಸಿದರು. ನಿಮ್ಮನ್ನು ಆರಿಸಿದವರಾರೆಂದು ಗುಂಪಿನಲ್ಲಿ ಯಾರೋ ಕೇಳಿದಾಗ ಮಿಲ್ಯುಕೋವ್ ಕ್ರಾಂತಿಯ ಹೆಸರನ್ನು ಹೇಳಿದನಂತೆ. ಉತ್ತರ ಚಮತ್ಕಾರವಾಗಿದೆ. ಆದರೆ ಆ ಕ್ರಾಂತಿಯನ್ನು ಮಾಡಿದ ಸೈನಿಕರೂ ಕಾರ್ಮಿಕರೂ ಅದೇ ಟಾರೀಡ್ ಅರಮನೆಯ ಇನ್ನೊಂದು ಭಾಗದಲ್ಲಿ ತಮ್ಮ ಸೋವಿಯೆಟ್ಟನ್ನು ಆಗಲೇ ಕೂಡಿಸಿದ್ದರು.

ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವಿಚಿತ್ರವಾದ ರಾಜ್ಯ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಮೇಲೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳ ಮಾತು ಎಲ್ಲರಿಗೂ ಪರಿಚಿತವಾಗಿದೆ. ಇಲ್ಲಿ ಅಮಾತ್ಯರಿದ್ದರು, ಸ್ವಾಮಿಯಿರಲಿಲ್ಲ. ದಂಡವಿತ್ತು, ಅದು ಇನ್ನೊಬ್ಬರ ಮಾತು ಕೇಳುತ್ತಿತ್ತು. ಮಿತ್ರರೂ ಇದ್ದರು, ಸಾಲ ಕೊಟ್ಟವರು, ರಕ್ತದ ರೂಪದಲ್ಲಿ ಬಡ್ಡಿ ಕೇಳುವವರು. ಅಲಂಕಾರಕ್ಕಾಗಿ ಹೇಳಿದ ಮಾತಲ್ಲ ಇದು. ಯುದ್ಧಮಂತ್ರಿ ಗುಚ್ಕೋವ್ ಮಾರ್ಚಿ 9ರಂದು, ಎಂದರೆ ಸರ್ಕಾರ ಹುಟ್ಟಿದ ಒಂದೇ ವಾರದಲ್ಲಿ, ಸೇನಾನಾಯಕ ಅಲೆಕ್ಸೆಯೇವನಿಗೆ ಬರೆದ ಪತ್ರದಲ್ಲಿ, ತಮಗೆ ನಿಜವಾದ ಅಧಿಕಾರವಾವುದೂ ಇಲ್ಲವೆಂದೂ, ಸೈನ್ಯ, ರೈಲು, ಅಂಚೆ, ತಂತಿಗಳು ಸೋವಿಯೆಟ್ಟಿನ ಕೈಯಲ್ಲಿರುವುದರಿಂದ ಅದು ಒಪ್ಪಿದಷ್ಟು ಮಾತ್ರ ತಮ್ಮ ಆಜ್ಞೆಗಳು ನಡೆಯುತ್ತವೆಂದೂ ತಿಳಿಸಿದ್ದಾನೆ. ಮಾರ್ಚಿ 1ರಂದೇ ಹೊರಟಿದ್ದ ಸೋವಿಯೆಟ್ಟಿನ ಒಂದನೆಯ ಆಜ್ಞೆಯು ದಂಡುದಂಡಿನಲ್ಲಿ ಸೈನಿಕರ ಸಮಿತಿಗಳನ್ನು ಸ್ಥಾಪಿಸಿತ್ತು.

ಉಳಿದ ಉಪಕರಣಗಳನ್ನು ಸರ್ಕಾರವು ತನ್ನ ಕೈಯಾರೆ ಕಳಚಿಟ್ಟಿತು. ಪ್ರಾಂತಗಳ ಗವರ್ನರುಗಳನ್ನು ಮೊದಲ ವಾರದಲ್ಲಿಯೇ ತೆಗೆದುಹಾಕಿ, ಆ ಸ್ಥಾನಕ್ಕೆ ಸ್ಥಳೀಯ ಸಭೆಗಳ ಅಧ್ಯಕ್ಷರನ್ನು ನೇಮಿಸಿತು. ಹಳೆಯ ಪೋಲೀಸು ಇಲಾಖೆಯನ್ನು ರದ್ದುಮಾಡಿತು. ಮಾರ್ಚಿ 12ರಂದು ಮರಣದಂಡನೆಯನ್ನು ನಿಲ್ಲಿಸಿತು. ಮತ, ಜಾತಿ, ಜನಾಂಗಗಳ ಕಾರಣದಿಂದಿದ್ದ ನಿರ್ಬಂಧಗಳನ್ನೆಲ್ಲ 20ರಂದು ಕಿತ್ತೊಗೆಯಿತು. ಇವು ಕೀರ್ತಿಕರವಾದ ಕಾರ್ಯಗಳು; ಇವನ್ನು ಹಾಸ್ಯಮಾಡುವ ಇತಿಹಾಸಕಾರರ ಜೊತೆಗೆ ನಾವು ಸೇರಲಾರೆವು. ಮನಸ್ಸಿಗೆ ಬಾಧೆಯಾಗುವುದು ಬೇರೊಂದು ಕಡೆ. ಕಷ್ಟವಿಲ್ಲದೆ ಕೊಡಬಹುದಾದುದನ್ನು ಒಂದು ತಿಂಗಳಿನಲ್ಲಿ ಕೊಟ್ಟು ಮುಗಿಸಿದ ಈ ಉದಾರಿಗಳು, ಕೊಟ್ಟರೆ ತಮ್ಮನ್ನು ಉಳಿಸಬಹುದಾಗಿದ್ದುದನ್ನು ಮಾತ್ರ ಮುಂದಕ್ಕೆ ಹಾಕಿದರು. ಭೂಮಿ ಯಾರದು? ರಾಜ್ಯಾಂಗ ರಚನಾ ಸಭೆ ತೀರ್ಮಾನಿಸಲಿ. ಉಕ್ರೇನಿಗೂ ಫಿನ್ಲೆಂಡಿಗೂ ಎಷ್ಟು ಸ್ವಾತಂತ್ರ್ಯ? ಸಭೆ ತೀರ್ಮಾನಿಸಲಿ. ತಾವು ನ್ಯಾಸರಕ್ಷಕರು, ಯಜಮಾನ ಬರುವವರೆಗೆ ಮನೆಯ ಕಂಬವನ್ನು ಕದಲಿಸಬಾರದು ಎಂಬ ಭಾವನೆ. ಇದು ಹೇಡಿತನವೆಂದು ಟ್ರಾಟ್‌ಸ್ಕಿ ಹೇಳಿದರೆ ನಾವು ಒಪ್ಪಬೇಕಾಗಿಲ್ಲ. ಕಾನೂನನ್ನು ಕಲಿತವರ ಪ್ರಾಮಾಣಿಕತೆ ಇದು, ಮತ್ತು ಆ ಪ್ರಾಮಾಣಿಕತೆಯೇ ಅವರನ್ನು ಕೊಂದಿತೆಂದು ನಮಗೆ ತೋರುತ್ತದೆ.

ಏಕೆಂದರೆ ಯಜಮಾನನನ್ನು ಕರೆತರುವ ಕೆಲಸವೂ ಅವರದೇ ಆಗಿತ್ತು. ಚುನಾವಣೆಯ ಕಾನೂನನ್ನು ಸಿದ್ಧಪಡಿಸುವ ವಿಶೇಷ ಮಂಡಲಿಯು ಮೊದಲ ಸಲ ಕೂಡಿದುದು ಮೇ 25ರಂದು. ಆ ವೇಳೆಗೆ ಕ್ರಾಂತಿಯಾಗಿ ಮೂರು ತಿಂಗಳಾಗಿತ್ತು. ಅದು ರಚಿಸಿದ ಕಾನೂನು ಅಂದಿನ ಪ್ರಪಂಚದಲ್ಲಿ ಅತ್ಯಂತ ಉದಾರವಾದವುಗಳಲ್ಲೊಂದು: ಸ್ತ್ರೀಯರಿಗೂ ಸೈನಿಕರಿಗೂ ಮತ, ಪಕ್ಷಗಳಿಗೆ ಮತಗಳ ಪ್ರಮಾಣದಲ್ಲಿ ಸ್ಥಾನ. ಚುನಾವಣೆಯನ್ನು ಸೆಪ್ಟೆಂಬರ್ 17ಕ್ಕೆಂದು ಜೂನಿನಲ್ಲಿ ಗೊತ್ತುಮಾಡಿ, ಆಗಸ್ಟ್ 9ರಂದು ಅದನ್ನು ನವೆಂಬರ್ 12ಕ್ಕೆ ತಳ್ಳಿದರು. 1848ರಲ್ಲಿ ಫ್ರಾನ್ಸಿನ ತಾತ್ಕಾಲಿಕ ಸರ್ಕಾರವು ಫೆಬ್ರವರಿ 24ರಂದು ಹುಟ್ಟಿ, ಗಂಡಸರಿಗೆಲ್ಲ ಮತವನ್ನು ಕೊಟ್ಟು, ಏಪ್ರಿಲ್ 23ರಂದು ಚುನಾವಣೆಯನ್ನು ನಡಸಿತು. 1871ರಲ್ಲಿ, ಜನವರಿ 28ರಂದು ಯುದ್ಧವಿರಾಮವಾಗಲು, ಫೆಬ್ರವರಿ 8ರಂದೇ ಅದೇ ದೇಶದಲ್ಲಿ ಚುನಾವಣೆ ಮುಗಿಯಿತು. ರಷ್ಯಾ ಫ್ರಾನ್ಸಿಗಿಂತ ಎಷ್ಟೋ ಪಾಲು ದೊಡ್ಡದು, ಮತದಾರರ ಪಟ್ಟಿಯೇ ಇರಲಿಲ್ಲ, ಲಕ್ಷಾಂತರ ಜನ ಕಂದಕಗಳಲ್ಲಿದ್ದರು ಎಂಬ ಸಮಾಧಾನವನ್ನು ಸರ್ಕಾರದ ಪಕ್ಷಪಾತಿಗಳು ಹೇಳುತ್ತಾರೆ. ಅದು ಹುರುಳಿಲ್ಲದ ಮಾತಲ್ಲ. ಆದರೂ ನವೆಂಬರ್ 12ರಂದು, ಯುದ್ಧ ಇನ್ನೂ ಮುಗಿಯದೆ, ಸರ್ಕಾರವೇ ಬಿದ್ದುಹೋಗಿ, ಅಂಚೆ ತಂತಿಗಳು ಅಸ್ತವ್ಯಸ್ತವಾಗಿದ್ದಾಗಲೂ ಚುನಾವಣೆ ಪ್ರಾರಂಭವಾಯಿತಲ್ಲವೇ? ನಾಲ್ಕು ಕೋಟಿಗೂ ಮಿಕ್ಕ ಮತಗಳು ಬಿದ್ದುವು. ಬಾಲ್ಷೆವಿಕರಿಗೆ ದೊರೆತುದು ಸುಮಾರು ಕಾಲುಭಾಗ ಮಾತ್ರ. ಜೂನಿನಲ್ಲಿಯೋ ಜುಲೈಯಲ್ಲಿಯೋ ಇಂಥ ಸಭೆ ಕೂಡಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಇತಿಹಾಸದ ಕೆಲಸವಲ್ಲ. ಕೂಡಲು ಸಾಧ್ಯವೇ ಇರಲಿಲ್ಲವೆಂಬ ವಾದವನ್ನು ಮಾತ್ರ ಈ ಸಂಖ್ಯೆಗಳು ಮುರಿಯುತ್ತವೆ.

ಹೀಗೆ ಎಲ್ಲವನ್ನೂ ಮುಂದಕ್ಕೆ ಹಾಕಿದವರು ಯುದ್ಧವೊಂದನ್ನು ಮುಂದಕ್ಕೆ ಹಾಕಲಿಲ್ಲ. ಗುಣ ದೋಷಗಳೆರಡೂ ಇದ್ದ ಆ ಆಡಳಿತದ ಒಳಗುಟ್ಟು ಇದು. ಭೂಮಿಯನ್ನು ಹಂಚಲು ತಮಗೆ ಅಧಿಕಾರವಿಲ್ಲವೆಂದವರು, ಆ ಭೂಮಿಯ ರೈತನನ್ನು ಸಾಯುವುದಕ್ಕೆ ಕಳುಹಿಸಲು ತಮಗೆ ಅಧಿಕಾರವಿದೆಯೆಂದು ತಿಳಿದರು. ಜೂನ್ 18ರಂದು ಗಲೀಷಿಯದಲ್ಲಿ ಮುತ್ತಿಗೆ ಪ್ರಾರಂಭವಾಯಿತು. ಅದಕ್ಕೆ ಮೊದಲು ಕೆರೆನ್‌ಸ್ಕಿಯು ಯುದ್ಧಮಂತ್ರಿಯಾಗಿ ರಂಗದುದ್ದಕ್ಕೂ ಸಂಚರಿಸಿ ಭಾಷಣ ಮಾಡಿದನು. ಅವನ ವಾಕ್ಶಕ್ತಿಯ ವಿಷಯವಾಗಿ ವೈರಿಗಳೂ ಒಂದೇ ಮಾತು ಹೇಳುತ್ತಾರೆ. ಕೇಳಿದವರು ಅತ್ತರು, ಕೂಗಿದರು. ಅವನು ಮೋಟಾರು ಹತ್ತಿ ಹೋದ ಮೇಲೆ ರೆಜಿಮೆಂಟುಗಳು ಸಭೆ ಸೇರಿ, ಮುಂದುವರಿಯಬೇಕೋ ಬೇಡವೋ ಎಂದು ಮತ ತೆಗೆದುಕೊಂಡುವು. ಮೊದಲು ಕೆಲವು ದಿನ ಜಯ, ಜುಲೈ 6ರಂದು ಜರ್ಮನರು ತಿರುಗಿಬಿದ್ದರು, ದಂಡು ಓಡಿತು. ಗೆದ್ದರೆ ಶಿಸ್ತು ತಾನಾಗಿ ಬರುವುದೆಂದೂ, ಮಿತ್ರರಾಷ್ಟ್ರಗಳ ನಡುವೆ ರಷ್ಯಾದ ಮಾತಿಗೆ ತೂಕ ಬರುವುದೆಂದೂ ಮಂತ್ರಿಗಳು ನಂಬಿದ್ದರು. ಕೈಯಲ್ಲಿ ಉಳಿದಿದ್ದ ಅಲ್ಪ ಬಂಡವಾಳವನ್ನು ಒಂದೇ ಪಗಡೆಗೆ ಒಡ್ಡಿದಂತಾಯಿತು. ದಂಡಿನ ಒಳಗಿನ ಸ್ಥಿತಿಯನ್ನು ಅತ್ಯಂತ ಶ್ರದ್ಧೆಯಿಂದ ಶೋಧಿಸಿದ ಅಮೆರಿಕದ ವಿದ್ವಾಂಸ ವೈಲ್ಡ್‌ಮನ್ ಅವರ ಎರಡು ಸಂಪುಟಗಳನ್ನು (1980, 1987) ಓದಿದವರಿಗೆ, ಸೈನಿಕನು ಬಾಲ್ಷೆವಿಕನಾದುದರಿಂದ ಯುದ್ಧವನ್ನು ಬಿಟ್ಟನೆಂಬುದಕ್ಕಿಂತ ಯುದ್ಧವನ್ನು ಬಿಡಬಯಸಿದುದರಿಂದ ಬಾಲ್ಷೆವಿಕರ ಕಡೆಗೆ ವಾಲಿದನೆಂಬುದು ಮನವರಿಕೆಯಾಗುತ್ತದೆ. ಪೈಪ್ಸ್ ಅವರ 1990ರ ಗ್ರಂಥವು ಅಕ್ಟೋಬರನ್ನು ಕೆಲವೇ ಜನರ ಒಳಸಂಚೆಂದು ವರ್ಣಿಸುವುದಕ್ಕೂ, ರಾಬಿನೋವಿಚ್ ಅವರ 1976ರ ಗ್ರಂಥವು ರಾಜಧಾನಿಯ ಜನರ ಅಪೇಕ್ಷೆಗಳಲ್ಲಿ ಅದರ ಬೇರನ್ನು ಹುಡುಕುವುದಕ್ಕೂ ಇರುವ ವಿವಾದವು ಪ್ರಸಿದ್ಧವಾದುದು. ಬಿದ್ದವರನ್ನು ಬಿಟ್ಟು ಬೀಳಿಸಿದವರನ್ನು ಕುರಿತ ವಿವಾದ ಅದು. ನಮ್ಮ ಪ್ರಶ್ನೆಗೆ ಅದರಿಂದ ಅರ್ಧ ಉತ್ತರ ಮಾತ್ರ ದೊರೆಯುತ್ತದೆ.

ಇಲ್ಲಿ ನ್ಯಾಯವಾದ ಆಕ್ಷೇಪಣೆಯೊಂದು ಏಳುತ್ತದೆ: ಹಾಗಾದರೆ ಅವರು ಜರ್ಮನಿಯೊಡನೆ ಸಂಧಿ ಮಾಡಿಕೊಳ್ಳಬಹುದಾಗಿತ್ತೇ? ಸಂಧಿಯ ಬೆಲೆ ಎಂಥದೆಂಬುದು ಹೊಸ ಪಂಚಾಂಗದ 1918ನೆಯ ಮಾರ್ಚಿ 3ರಂದು ಬ್ರೆಸ್ಟ್-ಲಿಟೊವ್‌ಸ್ಕಿನಲ್ಲಿ ಕಂಡುಬಂತು. ಪೋಲೆಂಡು, ಬಾಲ್ಟಿಕ್ ಪ್ರಾಂತಗಳು, ಉಕ್ರೇನು ಕೈಬಿಟ್ಟುಹೋದುವು. ಆ ಬೆಲೆಯನ್ನು ತೆರಲು ಲೆನಿನನ ಸಹೋದ್ಯೋಗಿಗಳೇ ಬಹುಮಂದಿ ಒಪ್ಪಲಿಲ್ಲವೆಂದಮೇಲೆ ರಾಜಕುಮಾರ ಲ್ವೋವನನ್ನೋ ಮಿಲ್ಯುಕೋವನನ್ನೋ ಏಕೆ ತೆರಲಿಲ್ಲವೆಂದು ಗದರಿಸುವುದು ಸುಲಭವಾದ ವಿಮರ್ಶೆ. ಆದರೆ ಸಂಧಿಗೂ ಮುತ್ತಿಗೆಗೂ ನಡುವೆ ಬಹಳ ಅವಕಾಶವಿತ್ತು. ಇದ್ದಲ್ಲೇ ನಿಂತು ರಕ್ಷಿಸಿಕೊಳ್ಳುವುದು ಅದರಲ್ಲೊಂದು. ಸೋವಿಯೆಟ್ಟಿನ ಬಹುಮತವು ವಸಂತದಲ್ಲಿ ಒಪ್ಪಿದ್ದುದೂ ಅದನ್ನೇ. ಆಕ್ಷೇಪಕರು ಇದಕ್ಕೆ ಉತ್ತರ ಕೊಟ್ಟುದನ್ನು ನಾವು ಕಂಡಿಲ್ಲ.

ಸರ್ಕಾರದ ಒಳಗೇ ಇದನ್ನು ಅರಿತವರಿಲ್ಲದೆ ಇರಲಿಲ್ಲ. ಅಕ್ಟೋಬರ್ 20ರಂದು ಯುದ್ಧಮಂತ್ರಿ ವೆರ್ಖೋವ್‌ಸ್ಕಿಯು, ದಂಡು ಇನ್ನು ಕಾದಲಾರದೆಂದೂ ಸಂಧಿಯ ಪ್ರಯತ್ನವನ್ನು ಒಡನೆಯೇ ಮಾಡಬೇಕೆಂದೂ ಸಮಿತಿಯೊಂದರ ಮುಂದೆ ಬಿಚ್ಚಿಹೇಳಿದನು. ಅವನಿಗೆ ದೊರೆತ ಪ್ರತಿಫಲ ಕಡ್ಡಾಯದ ರಜೆ. 24ರ ಸಂಜೆ, ಸರ್ಕಾರವೇ ಕೂಡಿಸಿದ್ದ ಗಣರಾಜ್ಯದ ತಾತ್ಕಾಲಿಕ ಮಂಡಲಿಯು ಸ್ವಲ್ಪ ಬಹುಮತದಿಂದ ನಿರ್ಣಯವೊಂದನ್ನು ಮಾಡಿತು: ಭೂಮಿಯನ್ನು ಭೂಸಮಿತಿಗಳ ವಶಕ್ಕೆ ಕೊಡುವುದು, ಸಂಧಿಯ ಮಾತುಕತೆಗೆ ಮಿತ್ರರಾಷ್ಟ್ರಗಳನ್ನು ಕರೆಯುವುದು. ಅದರ ಪ್ರತಿನಿಧಿಗಳು ರಾತ್ರಿಯೇ ಹೋಗಿ, ಇಷ್ಟನ್ನು ಊರಿನಲ್ಲೆಲ್ಲ ಈಗಲೇ ಅಚ್ಚುಹಾಕಿಸಿ ಅಂಟಿಸಬೇಕೆಂದು ಕೆರೆನ್‌ಸ್ಕಿಯನ್ನು ಕೇಳಿಕೊಂಡರು. ಅವನು ಒಪ್ಪಲಿಲ್ಲ, ಸರ್ಕಾರಕ್ಕೆ ಉಪದೇಶ ಬೇಡ, ತಾನೇ ದಂಗೆಯನ್ನು ಅಡಗಿಸುವೆನೆಂದನು. ಆ ಹೊತ್ತಿನಲ್ಲಿ ಸೇತುವೆಗಳನ್ನು ಸೈನಿಕ ಕ್ರಾಂತಿಸಮಿತಿಯವರು ಹಿಡಿಯುತ್ತಿದ್ದರು. ಎರಡು ರಾತ್ರಿ ಕಳೆಯುವುದರೊಳಗೆ ಲೆನಿನನು ಹೊರಡಿಸಿದ ಎರಡು ಶಾಸನಗಳು ಸಂಧಿಯನ್ನೂ ಭೂಮಿಯನ್ನೂ ಕುರಿತವೇ. ಭೂಮಿಯ ಶಾಸನವಂತೂ ಎದುರುಪಕ್ಷದವರು ಹಳ್ಳಿಗಳಿಂದ ಸಂಗ್ರಹಿಸಿ ಆಗಸ್ಟಿನಲ್ಲಿ ಪ್ರಕಟಿಸಿದ್ದ ರೈತರ ಬೇಡಿಕೆಗಳಿಂದ ಹೆಚ್ಚುಕಡಮೆ ಹಾಗೆಯೇ ಎತ್ತಿಕೊಂಡದ್ದು.

ಚಳಿಗಾಲದ ಅರಮನೆಯ ಪತನವನ್ನು 1928ರ ಐಸೆನ್‌ಸ್ಟೈನನ ಚಲಚ್ಚಿತ್ರದಲ್ಲಿ ನೋಡಿದವರು ಅದನ್ನೊಂದು ಮಹಾಸಂಗ್ರಾಮವೆಂದೇ ತಿಳಿದಿರುತ್ತಾರೆ. ಅಂಥದು ಏನೂ ನಡೆಯಲಿಲ್ಲ. ಕಾವಲಿಗೆ ಇದ್ದವರು ಕೆಲವು ಸೈನಿಕ ವಿದ್ಯಾರ್ಥಿಗಳು, ಕೊಸಾಕರು, ಮತ್ತು ಸ್ತ್ರೀಯರ ದಂಡಿನ ಒಂದು ತುಕಡಿ. ಅವರಲ್ಲಿಯೂ ಬಹುಮಂದಿ ಕತ್ತಲಾಗುತ್ತ ಜಾರಿಹೋದರು. ಲಕ್ಷಕ್ಕೂ ಮಿಕ್ಕ ಪಾಳೆಯದ ದಂಡಿನಲ್ಲಿ ಸರ್ಕಾರಕ್ಕಾಗಿ ಒಂದು ರೆಜಿಮೆಂಟೂ ಬರಲಿಲ್ಲ. ಕೆರೆನ್‌ಸ್ಕಿಯು ಬೆಳಗ್ಗೆಯೇ ಸಹಾಯ ತರಲು ಮೋಟಾರಿನಲ್ಲಿ ಹೊರಟುಹೋಗಿದ್ದನು. ಉ‌ಳಿದ ಮಂತ್ರಿಗಳನ್ನು ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ಸೆರೆಹಿಡಿದರು.

ಕೆರೆನ್‌ಸ್ಕಿಯ ಅನೇಕ ಬರಹಗಳಲ್ಲಿ ಬಾಳತಕ್ಕುದು, ನಮ್ಮ ಅಭಿಪ್ರಾಯದಲ್ಲಿ, ಅವನು ಬರೆಯದೆ ಸಂಪಾದಿಸಿದ್ದು. ಬ್ರೌಡರ್ ಅವರೊಡನೆ ಸೇರಿ 1961ರಲ್ಲಿ ಅವನು ಪ್ರಕಟಿಸಿದ ತಾತ್ಕಾಲಿಕ ಸರ್ಕಾರದ ದಾಖಲೆಗಳ ಮೂರು ಸಂಪುಟಗಳಲ್ಲಿ ಆಜ್ಞೆಗಳು, ಸುತ್ತೋಲೆಗಳು, ಪತ್ರಿಕೆಗಳ ತುಣುಕುಗಳು ತಂತಮ್ಮ ಮಾತನ್ನು ತಾವೇ ಹೇಳುತ್ತವೆ. ಪ್ರತಿವಾದಿಯು ತನ್ನ ವಿರುದ್ಧದ ಸಾಕ್ಷ್ಯವನ್ನೂ ಅದರಲ್ಲಿ ಸೇರಿಸಿದ್ದಾನೆಂಬುದು ಅವನಿಗೆ ಸಲ್ಲತಕ್ಕ ಗೌರವ. ಈ ವಿಷಯವನ್ನು ಬೋಧಿಸುವವರು ಆತ್ಮಚರಿತ್ರೆಗಳಿಗೆ ಮೊದಲು ಇದನ್ನು ತೆರೆಯುವುದು ಮೇಲು. ಆ ಬಳಿಕ ನಬೋಕೋವನ ಚಿಕ್ಕ ಪುಸ್ತಕ. ಸ್ನೇಹಿತರ ಲೋಪಗಳನ್ನು ಮುಚ್ಚದೆ, ಎದುರಾಳಿಗಳನ್ನು ರಾಕ್ಷಸರನ್ನಾಗಿ ಮಾಡದೆ ಬರೆದ ಆತನು 1922ರಲ್ಲಿ ಬರ್ಲಿನ್ನಿನಲ್ಲಿ, ಮಿಲ್ಯುಕೋವನ ಮೇಲೆ ಗುಂಡುಹಾರಿಸಿದವರನ್ನು ತಡೆಯಹೋಗಿ ಪ್ರಾಣಬಿಟ್ಟನು. ರಾಜ್ಯಾಂಗ ರಚನಾ ಸಭೆಯ ಚುನಾವಣೆಯನ್ನು ನಡಸಲು ನೇಮಕವಾಗಿದ್ದ ಮಂಡಲಿಯಲ್ಲಿಯೂ ಆತನು ಇದ್ದನು. ಸರ್ಕಾರ ಬಿದ್ದ ಮೇಲೆ ಹೊಸ ಅಧಿಕಾರಿಗಳು ನವೆಂಬರ್ 12ರ ತಾರೀಖನ್ನು ಬದಲಿಸಲಿಲ್ಲ. ಮಂಡಲಿಯವರು ಅವರನ್ನು ಮಾನ್ಯಮಾಡದೆ ತಮ್ಮ ಕೆಲಸವನ್ನು ತಾವು ನೋಡಿಕೊಳ್ಳುತ್ತಿರಲು, 23ರಂದು ಎಲ್ಲರನ್ನೂ ಹಿಡಿದು ಸ್ಮೋಲ್ನಿಯಲ್ಲಿ ಕೆಲವು ದಿನ ಕೂಡಿಹಾಕಿದರು. ಸಭೆಯು 1918ರ ಜನವರಿ 5ರಂದು ಟಾರೀಡ್ ಅರಮನೆಯಲ್ಲಿ ಕೂಡಿ, ಮರುದಿನ ಬೆಳಗಿನ ಜಾವದ ವರೆಗೆ ನಡೆಯಿತು. ಅದರ ಬಾಗಿಲು ಮತ್ತೆ ತೆರೆಯಲಿಲ್ಲ.